ಕಟ್ಟುತ್ತಾ ಕಳಚುತ್ತಾ: ಜೀವಕೋಶದ ನಡೆ



ವಿಜ್ಞಾನದ ಒಂದು ವಿಷಯವನ್ನು ಕನ್ನಡದಲ್ಲಿ, ಎಲ್ಲರಿಗೂ ತಿಳಿಯುವಂತೆ, ಆದರೆ ಸತ್ವ ಕಳೆಯದಂತೆ ಹೇಳಬೇಕು ಎಂಬುದು ಈ ದತ್ತಿ ಉಪನ್ಯಾಸದ ಆಶಯ. ಅದಕ್ಕೆ ತಕ್ಕದ್ದೆಂದು ನಾನು ಆರಿಸಿಕೊಂಡಿರುವುದು ಆಕ್ಟಿನ್ ಎಂಬ ಒಂದು ಪ್ರೋಟೀನನ್ನು. ನಮ್ಮ ನಿಮ್ಮ ಮೈಯಲ್ಲಿರುವ ಸಾವಿರಾರು ಬಗೆಯ ಪ್ರೋಟೀನುಗಳಲ್ಲಿ ಇದರಷ್ಟು ಹೇರಳವಾಗಿರುವವು ಕೆಲವೇ ಕೆಲವು. ಹಾಗಿದ್ದೂ ಹಿಮೋಗ್ಲೋಬಿನ್ನಿಗೆ, ಇನ್ಸುಲಿನ್ನಿಗೆ ಇರುವ ಹೆಸರು ಇದಕ್ಕಿಲ್ಲ.

1950ರ ದಶಕದಲ್ಲಿ ಅಮೆರಿಕದ ವಾಂಡರ್‌ಬಿಲ್ಟ್ ವಿಶ್ವವಿದ್ಯಾಲಯದಲ್ಲಿ ಡೇವಿಡ್ ರೋಜರ್ಸ್ ಎಂಬ ವೈದ್ಯರು ಸೂಕ್ಷ್ಮದರ್ಶಕಕ್ಕೆ ಕ್ಯಾಮೆರಾ ಜೋಡಿಸಿ, 16 ಎಂಎಂ ಫಿಲ್ಮಿನಲ್ಲಿ ಒಂದು ದೃಶ್ಯ ಸೆರೆಹಿಡಿದರು. ಕೆಂಪು ರಕ್ತಕಣಗಳ ನಡುವೆ ಒಂದು ಬಿಳಿ ರಕ್ತಕಣ. ಅದರ ಮುಂದೆ ಸ್ಟೆಫೈಲೊಕಾಕಸ್ ಬ್ಯಾಕ್ಟೀರಿಯಾ. ಬ್ಯಾಕ್ಟೀರಿಯಾ ಅತ್ತ ಸರಿದರೆ ಬಿಳಿಕಣವೂ ಅತ್ತ ತಿರುಗುತ್ತದೆ. ಕೆಂಪು ಕಣಗಳು ಅಡ್ಡ ಬಂದರೆ ಅವನ್ನು ಒತ್ತರಿಸಿಕೊಂಡು ನುಗ್ಗುತ್ತದೆ. ಮುಂಭಾಗ ತೆಳ್ಳಗೆ ಚಾಚಿಕೊಳ್ಳುತ್ತದೆ, ಹಿಂಭಾಗ ತೆವಳಿಕೊಂಡು ಬರುತ್ತದೆ, ಕೊನೆಗೆ ಬ್ಯಾಕ್ಟೀರಿಯಾ ಅದರ ಹೊಟ್ಟೆ ಸೇರುತ್ತದೆ. ಇವತ್ತಿಗೂ ಜೀವಕೋಶದ ಚಲನೆಯನ್ನು ಪಾಠ ಮಾಡುವವರು ಆ ತುಣುಕನ್ನು ತೋರಿಸದೆ ಮುಂದೆ ಹೋಗುವುದಿಲ್ಲ. ಆ ಕಣಕ್ಕೆ ಮೂಳೆಯಿಲ್ಲ, ಸ್ನಾಯುವಿಲ್ಲ, ನರವಿಲ್ಲ. ಒಂದು ಮಿಲಿಮೀಟರಿನ ನೂರನೇ ಒಂದು ಭಾಗದಷ್ಟು ಗಾತ್ರದ ಆ ಜೀವಿತುಣುಕು ಯಾವ ಬಲದಿಂದ ನಡೆಯಿತು?

ಉತ್ತರದ ಸುಳಿವು ಅದಕ್ಕೂ ಮೊದಲೇ ಸಿಕ್ಕಿತ್ತು, ಸ್ನಾಯುವಿನ ಅಧ್ಯಯನದಿಂದ, ಅದೂ ಎರಡನೇ ಮಹಾಯುದ್ಧದ ನಡುವೆ. ಹಂಗೇರಿಯ ಸೆಗೆಡ್ ಪಟ್ಟಣದ ವಿಶ್ವವಿದ್ಯಾಲಯದಲ್ಲಿ ಆಲ್ಬರ್ಟ್ ಸೆಂಟ್-ಗ್ಯೋರ್ಗಿ ಇದ್ದರು. ವಿಟಮಿನ್ ಸಿ ಕುರಿತ ಕೆಲಸವೂ ಸೇರಿದಂತೆ ತಮ್ಮ ಸಂಶೋಧನೆಗಳಿಗೆ 1937ರಲ್ಲೇ ನೊಬೆಲ್ ಪಡೆದಿದ್ದವರು. ನೊಬೆಲ್ ಬಂದ ಮೇಲೆ ಅವರು ಹಳೆಯ ಕೆಲಸಕ್ಕೇ ಅಂಟಿಕೊಂಡು ಕೂರಲಿಲ್ಲ. ಸ್ನಾಯು ಹೇಗೆ ಕುಗ್ಗುತ್ತದೆ ಎಂಬ ಹೊಸ ಪ್ರಶ್ನೆಯನ್ನು ಕೈಗೆತ್ತಿಕೊಂಡರು. ಅವರ ಸಹೋದ್ಯೋಗಿ ಇಲೋನಾ ಬಂಗಾ ಮೊಲದ ಸ್ನಾಯುವನ್ನು ಅರೆದು, ಗಟ್ಟಿ ಉಪ್ಪುನೀರಿನಲ್ಲಿ ನೆನೆಹಾಕಿ ಮಯೋಸಿನ್ ಎಂಬ ಪ್ರೋಟೀನನ್ನು ತೆಗೆಯುತ್ತಿದ್ದರು. ಸ್ವಲ್ಪ ಹೊತ್ತು ನೆನೆಸಿ ಸೋಸಿದರೆ ತೆಳು ದ್ರವ ಸಿಗುತ್ತಿತ್ತು. ಅದೇ ಅರಪನ್ನು ರಾತ್ರಿಯಿಡೀ ಬಿಟ್ಟರೆ ಮಾರನೆಯ ದಿನ ಲೋಳೆಯಂಥ ಮಂದ ದ್ರವ. ಆ ಮಂದ ದ್ರವಕ್ಕೆ ಎಟಿಪಿ, ಅಂದರೆ ಜೀವಕೋಶದ ಇಂಧನವಾದ ಅಣುವನ್ನು ಬೆರೆಸಿದರೆ ಅದು ತೆಳ್ಳಗಾಗುತ್ತಿತ್ತು.

ಇದನ್ನು ಪ್ರಯೋಗದ ಏರುಪೇರು ಎಂದು ಬದಿಗಿಟ್ಟುಬಿಡಬಹುದಿತ್ತು. ಅವರು ಹಾಗೆ ಮಾಡಲಿಲ್ಲ. ರಾತ್ರಿ ಕಳೆಯುವಷ್ಟರಲ್ಲಿ ಸ್ನಾಯುವಿನಿಂದ ಇನ್ನೇನೋ ಇಳಿದು ಬಂದು ಮಯೋಸಿನ್ ಜೊತೆ ಸೇರಿಕೊಂಡಿದೆ ಎಂದು ಅನುಮಾನಿಸಿದರು. ಆ ‘ಇನ್ನೇನೋ’ ಏನೆಂದು ಹುಡುಕಿ 1942ರಲ್ಲಿ ಬೇರ್ಪಡಿಸಿದವರು ಅದೇ ಪ್ರಯೋಗಶಾಲೆಯ ಯುವಕ ಬ್ರೂನೊ ಸ್ಟ್ರಾಬ್. ಮಯೋಸಿನ್ನನ್ನು ಚುರುಕುಗೊಳಿಸುವ ಆ ಪ್ರೋಟೀನಿಗೆ ಆಕ್ಟಿನ್ ಎಂದು ಹೆಸರಾಯಿತು. ಸ್ನಾಯುವನ್ನು ಅಸಿಟೋನಿನಲ್ಲಿ ಒಣಗಿಸಿ ಪುಡಿಮಾಡಿ, ಆ ಪುಡಿಯಿಂದ ಆಕ್ಟಿನ್ ಇಳಿಸುವ ಸ್ಟ್ರಾಬ್ ವಿಧಾನ ಸಣ್ಣಪುಟ್ಟ ಬದಲಾವಣೆಯೊಂದಿಗೆ ಇಂದಿಗೂ ಬಳಕೆಯಲ್ಲಿದೆ. ಮಯೋಸಿನ್, ಆಕ್ಟಿನ್ ಎರಡನ್ನೂ ಕೂಡಿಸಿ ದಾರದಂತೆ ಹಿಂಡಿ, ಅದರ ಮೇಲೆ ಎಟಿಪಿ ಹಾಕಿದಾಗ ಆ ನಿರ್ಜೀವ ದಾರ ಗಾಜಿನ ಪಾತ್ರೆಯಲ್ಲೇ ಕುಗ್ಗಿತು. ಜೀವದ ಲಕ್ಷಣವೆಂದು ನಾವು ತಿಳಿದಿರುವ ಚಲನೆ ಮೂರೇ ಪದಾರ್ಥಗಳಿಂದ ಮರುಹುಟ್ಟಿದ ಗಳಿಗೆ ಅದು. ನನ್ನ ಮಟ್ಟಿಗೆ 20ನೇ ಶತಮಾನದ ಜೀವರಸಾಯನಶಾಸ್ತ್ರದಲ್ಲಿ ಇದಕ್ಕಿಂತ ದೊಡ್ಡ ಪ್ರಯೋಗಗಳು ಹೆಚ್ಚಿಲ್ಲ. ಆ ಫಲಿತಾಂಶಗಳು ಹೊರಜಗತ್ತಿಗೆ ಸರಿಯಾಗಿ ತಲುಪಿದ್ದು ಯುದ್ಧ ಮುಗಿದ ಮೇಲೆ. ಅಷ್ಟರಲ್ಲಿ ಸೆಂಟ್-ಗ್ಯೋರ್ಗಿ 1943ರಲ್ಲಿ ಇಸ್ತಾಂಬುಲ್‌ಗೆ ಹೋಗಿ ಮಿತ್ರರಾಷ್ಟ್ರಗಳ ಜೊತೆ ಗುಟ್ಟಾಗಿ ಮಾತುಕತೆ ನಡೆಸಿ, ಅದು ನಾಜಿಗಳ ಕಿವಿಗೆ ಬಿದ್ದು, ಗೆಸ್ಟಾಪೊ ಕೈಗೆ ಸಿಗದಂತೆ ತಲೆಮರೆಸಿಕೊಂಡು ಬದುಕಬೇಕಾಗಿ ಬಂದಿತ್ತು.

ಇನ್ನು ಆಕ್ಟಿನ್ ಅಣುವಿನ ವಿಚಾರ. ಸುಮಾರು 375 ಅಮೈನೋ ಆಮ್ಲಗಳ ಸರಪಳಿ ಮಡಿಚಿಕೊಂಡು ಒಂದು ಉಂಡೆಯಾಗುತ್ತದೆ. ಉಂಡೆಯ ನಡುವಿನ ಸೀಳಿನಲ್ಲಿ ಒಂದು ಎಟಿಪಿ ಕೂತಿರುತ್ತದೆ. ಇಂಥ ಬಿಡಿ ಅಣುಗಳು ಒಂದಕ್ಕೊಂದು ಕೂಡಿಕೊಂಡು ಹುರಿಗೊಂಡ ಎಳೆಯಾಗುತ್ತವೆ. ಎಳೆಯ ದಪ್ಪ ಸುಮಾರು 7 ನ್ಯಾನೋಮೀಟರ್. ಮಿಲಿಮೀಟರಿನ ಸಾವಿರದಲ್ಲೊಂದು ಭಾಗದಷ್ಟು ಉದ್ದದ ಎಳೆಯಲ್ಲಿ 370ರಷ್ಟು ಅಣುಗಳಿರುತ್ತವೆ. ಎಲ್ಲ ಅಣುಗಳೂ ಒಂದೇ ದಿಕ್ಕಿಗೆ ಮುಖ ಮಾಡಿ ಕೂಡುವುದರಿಂದ ಎಳೆಯ ಎರಡು ತುದಿಗಳು ಒಂದೇ ತೆರನಾಗಿರುವುದಿಲ್ಲ. ಒಂದು ತುದಿ ಬೇಗ ಬೆಳೆಯುತ್ತದೆ, ಇನ್ನೊಂದು ನಿಧಾನ. ಈ ವ್ಯತ್ಯಾಸವನ್ನು ನೆನಪಿಟ್ಟುಕೊಳ್ಳಿ. ಮುಂದಿನದೆಲ್ಲ ಅದರ ಮೇಲೆ ನಿಂತಿದೆ. ಸುತ್ತಲಿನ ದ್ರವದಲ್ಲಿ ಬಿಡಿ ಅಣುಗಳು ಬೇಕಾದಷ್ಟಿದ್ದರೆ ಬೇಗ ಬೆಳೆಯುವ ತುದಿಗೆ ಸೆಕೆಂಡಿಗೆ ನೂರು ಅಣು ಸೇರಬಲ್ಲವು.

ಎಳೆಗೆ ಸೇರಿದ ಅಣುವಿನೊಳಗಿನ ಎಟಿಪಿ ಕೆಲವೇ ಸೆಕೆಂಡುಗಳಲ್ಲಿ ಒಡೆಯುತ್ತದೆ. ಒಡೆದಾಗ ಉಳಿಯುವ ಫಾಸ್ಫೇಟ್ ತುಂಡು ಹೊರಬೀಳಲು ಕೆಲವು ನಿಮಿಷಗಳೇ ಬೇಕು. ಹಾಗಾಗಿ ಎಳೆಯಲ್ಲಿರುವ ಪ್ರತಿ ಅಣುವಿಗೂ ಒಂದು ವಯಸ್ಸಿದೆ: ಹೊಸದಾಗಿ ಸೇರಿದ್ದು, ನಡುವಯಸ್ಸಿನದು, ಹಳತು. ಕೋಫಿಲಿನ್ ಎಂಬ ಇನ್ನೊಂದು ಪ್ರೋಟೀನು ಈ ವಯಸ್ಸನ್ನು ಗುರುತಿಸಬಲ್ಲದು. ಹೊಸ ಭಾಗವನ್ನು ಬಿಟ್ಟು ಹಳತಾದ ಭಾಗಕ್ಕೇ ಅಂಟಿಕೊಂಡು ಎಳೆಯನ್ನು ಅಲ್ಲಿ ಕತ್ತರಿಸುತ್ತದೆ. ಬಿಡಿಯಾದ ಅಣು ಮತ್ತೆ ಎಟಿಪಿ ತುಂಬಿಕೊಂಡು ಇನ್ನೊಂದು ಎಳೆ ಸೇರಲು ಸಿದ್ಧವಾಗುತ್ತದೆ. ಒಂದು ತುದಿಯಲ್ಲಿ ಸೇರ್ಪಡೆ, ಇನ್ನೊಂದು ತುದಿಯಲ್ಲಿ ಕಳಚುವಿಕೆ. ಎಳೆಯ ಉದ್ದ ಮಾತ್ರ ಇದ್ದಷ್ಟೇ. 1976ರಲ್ಲಿ ಆಲ್ಬ್ರೆಕ್ಟ್ ವೆಗ್ನರ್ ಇದನ್ನು ಲೆಕ್ಕಹಾಕಿ ತೋರಿಸಿದರು.

ಸ್ನಾಯುವಿನ ಆಚೆಗೂ ಆಕ್ಟಿನ್ ಇದೆ ಎಂಬುದು ಖಚಿತವಾಗಲು ಸ್ಟ್ರಾಬ್ ಕಾಲದಿಂದ ಇನ್ನೂ 24 ವರ್ಷ ಬೇಕಾಯಿತು. 1966ರಲ್ಲಿ ಜಪಾನಿನ ನಗೋಯಾದಲ್ಲಿ ಸದಾಶಿ ಹತಾನೊ ಮತ್ತು ಫೂಮಿಯೊ ಓಸಾವ ಕೊಳೆತ ಮರದ ಮೇಲೆ ಹಳದಿ ಪದರವಾಗಿ ಹರಡುವ ಫೈಸಾರಂ ಎಂಬ ಲೋಳೆ ಜೀವಿಯಿಂದ ಆಕ್ಟಿನ್ ಬೇರ್ಪಡಿಸಿದರು. ಅದು ಮೊಲದ ಸ್ನಾಯುವಿನ ಮಯೋಸಿನ್ ಜೊತೆ ಸಲೀಸಾಗಿ ಹೊಂದಿಕೊಂಡಿತು! ನೂರು ಕೋಟಿ ವರ್ಷಕ್ಕೂ ಹಿಂದೆ ಕವಲೊಡೆದ ಎರಡು ಜೀವವಂಶಗಳು ಒಂದೇ ಅಣುವನ್ನು ಹೆಚ್ಚು ಕಮ್ಮಿ ಹಾಗೆಯೇ ಉಳಿಸಿಕೊಂಡು ಬಂದಿದ್ದವು. ಆಮೇಲೆ ಹುಡುಕಿದಲ್ಲೆಲ್ಲ ಆಕ್ಟಿನ್ ಸಿಕ್ಕಿತು: ಯೀಸ್ಟಿನಲ್ಲಿ, ಗಿಡಗಳಲ್ಲಿ, ಅಮೀಬಾದಲ್ಲಿ, ನಮ್ಮ ಚರ್ಮದಲ್ಲಿ, ಮಿದುಳಿನಲ್ಲಿ.

ಇದನ್ನು ಕಣ್ಣಾರೆ ನೋಡಲು ದೊಡ್ಡ ಪ್ರಯೋಗಶಾಲೆ ಬೇಕಿಲ್ಲ. ಕೆರೆಯಲ್ಲೂ ಅಕ್ವೇರಿಯಂ ಅಂಗಡಿಯಲ್ಲೂ ಸಿಗುವ ಹೈಡ್ರಿಲ್ಲಾ ಗಿಡದ ಎಳೆಯ ಎಲೆಯೊಂದನ್ನು ನೀರಿನ ಹನಿಯಲ್ಲಿಟ್ಟು, ಕಾಲೇಜಿನ ಸಾಮಾನ್ಯ ಸೂಕ್ಷ್ಮದರ್ಶಕದಲ್ಲಿ ನೋಡಿ. ಮೊದಲು ಎಲ್ಲವೂ ನಿಂತಂತೆ ಕಾಣುತ್ತದೆ. ಸ್ವಲ್ಪ ಹೊತ್ತು ತಾಳ್ಮೆಯಿಂದ, ಎಲೆಯ ನಡುನರದ ಹತ್ತಿರದ ಕೋಶಗಳ ಮೇಲೆ ಕಣ್ಣಿಡಿ. ಹಸಿರು ಕಣಗಳು ಒಂದೊಂದಾಗಿ ಹೊರಟು, ಕೋಶದ ಗೋಡೆಗುಂಟ ಸಾಗಿ, ಮೂಲೆಯಲ್ಲಿ ತಿರುಗಿ, ಮತ್ತೆ ಬಂದಲ್ಲಿಗೇ ಬರುತ್ತವೆ. ದೀಪದ ಶಾಖ ತಗುಲಿದಷ್ಟೂ ಓಟ ಚುರುಕಾಗುತ್ತದೆ. ಬೋನಾವೆಂಚುರಾ ಕೋರ್ತಿ ಎಂಬ ಇಟಲಿಯ ಪಾದ್ರಿ 1774ರಲ್ಲೇ ಕಾರಾ ಎಂಬ ನೀರುಸಸ್ಯದಲ್ಲಿ ಇಂಥ ಹರಿವನ್ನು ಕಂಡು ಬರೆದಿಟ್ಟಿದ್ದರು. ಗೋಡೆಗುಂಟ ಹಾಸಿರುವ ಆಕ್ಟಿನ್ ಎಳೆಗಳ ಮೇಲೆ ಮಯೋಸಿನ್ ಅಣುಗಳು ಹೆಜ್ಜೆ ಹಾಕುವುದರಿಂದ ಈ ಹರಿವು ಹುಟ್ಟುತ್ತದೆ. 1983ರಲ್ಲಿ ಮೈಕೆಲ್ ಶೀಟ್ಸ್ ಮತ್ತು ಜೇಮ್ಸ್ ಸ್ಪೂಡಿಚ್ ಕಾರಾದ ಬಳಗದ ನಿಟೆಲ್ಲಾ ಕೋಶವನ್ನು ಸೀಳಿ ತೆರೆದು, ಮಯೋಸಿನ್ ಸವರಿದ ಪುಟಾಣಿ ಮಣಿಗಳನ್ನು ಅದರ ಆಕ್ಟಿನ್ ಮೇಲೆ ಬಿಟ್ಟರು. ಮಣಿಗಳು ತಾವಾಗಿಯೇ ಒಂದೇ ದಿಕ್ಕಿಗೆ ಓಡಿದವು.

ಇದು ಎಳೆಯ ಮೇಲೆ ನಡೆಯುವ ಮಾತಾಯಿತು. ಬಿಳಿ ರಕ್ತಕಣದ ಮುಂಭಾಗ ಚಾಚಿಕೊಳ್ಳುವುದರಲ್ಲಿ ಇನ್ನೊಂದು ಉಪಾಯವಿದೆ, ಅದಕ್ಕೆ ಮಯೋಸಿನ್ ಕೂಡ ಬೇಡ. ಎಳೆ ಬೆಳೆಯುವುದೇ ಅಲ್ಲಿ ಬಲ. ಕೋಶದ ಮುಂಅಂಚಿನಲ್ಲಿ ಎಳೆಗಳ ಬೇಗ ಬೆಳೆಯುವ ತುದಿ ಪೊರೆಯ ಕಡೆಗೆ ಮುಖ ಮಾಡಿರುತ್ತದೆ. ತುದಿ ಪೊರೆಗೆ ತಗುಲಿಕೊಂಡಿದ್ದರೆ ಹೊಸ ಅಣು ಸೇರಲು ಜಾಗವೆಲ್ಲಿ? 1993ರಲ್ಲಿ ಚಾರ್ಲ್ಸ್ ಪೆಸ್ಕಿನ್, ಗ್ಯಾರೆಟ್ ಓಡೆಲ್, ಜಾರ್ಜ್ ಓಸ್ಟರ್ ಇದಕ್ಕೊಂದು ಗಣಿತದ ಉತ್ತರ ಕೊಟ್ಟರು. ಅಣುಗಳ ಲೋಕದಲ್ಲಿ ಶಾಖದಿಂದಾಗಿ ಎಲ್ಲವೂ ಸದಾ ಅದುರುತ್ತಿರುತ್ತವೆ. ಪೊರೆ ಒಂದಿಷ್ಟು ಹಿಂದೆ ಮುಂದೆ ತುಯ್ಯುತ್ತಿರುತ್ತದೆ. ಘಾಟಿಯಲ್ಲಿ ಕೆಟ್ಟು ನಿಂತ ಲಾರಿಯನ್ನು ಜನ ನೂಕುವಾಗ, ಅದು ಒಂದು ಗೇಣು ಮುಂದೆ ಸರಿದ ಕೂಡಲೇ ಕ್ಲೀನರ್ ಹಿಂಚಕ್ರಕ್ಕೆ ಕಲ್ಲು ಕೊಡುತ್ತಾನೆ. ಸರಿದಷ್ಟು ದೂರ ದಕ್ಕಿತು, ಇನ್ನು ಹಿಂದೆ ಉರುಳುವಂತಿಲ್ಲ. ಪೊರೆ ಮುಂದೆ ತುಯ್ದ ಆ ಕ್ಷಣದ ಸಂದಿಯಲ್ಲಿ ಒಂದು ಆಕ್ಟಿನ್ ಅಣು ಹೊಕ್ಕು ಕೂತರೆ ಆಗುವುದೂ ಅದೇ. ಎಳೆಯೊಂದು ಹೀಗೆ ಒತ್ತುವ ಬಲ ಒಂದು ಗ್ರಾಂ ತೂಕದ ನೂರು ಕೋಟಿಯಲ್ಲೊಂದು ಪಾಲಿಗೂ ಕಡಿಮೆ. ಆದರೆ ಅಂಚಿನುದ್ದಕ್ಕೂ ನೂರಾರು ಎಳೆಗಳು ಒಟ್ಟಿಗೆ ಒತ್ತುತ್ತವೆ.

ಅಷ್ಟು ಎಳೆಗಳು ಬೇಕಾದ ಜಾಗದಲ್ಲೇ ಹುಟ್ಟುವುದು ಹೇಗೆ? ಹೊಸ ಎಳೆಯನ್ನು ಶುರುಮಾಡುವುದು ಆಕ್ಟಿನ್ನಿಗೆ ಕಷ್ಟದ ಕೆಲಸ. ಎರಡು ಅಣು ಕೂಡಿದರೆ ತಟ್ಟನೆ ಬಿಟ್ಟುಹೋಗುತ್ತವೆ. ಮೂರು ನಾಲ್ಕು ಕೂಡಿ ನಿಂತರೆ ಮಾತ್ರ ಮುಂದಿನ ಬೆಳವಣಿಗೆ. ಈ ಕಷ್ಟವೇ ಕೋಶಕ್ಕೆ ಹಿಡಿತ ಕೊಟ್ಟಿದೆ. ಎಲ್ಲೆಂದರಲ್ಲಿ ಎಳೆ ಏಳುವುದಿಲ್ಲ, ಎಬ್ಬಿಸಿದಲ್ಲಿ ಮಾತ್ರ ಏಳುತ್ತದೆ. ಎಬ್ಬಿಸುವವುಗಳಲ್ಲಿ ಮುಖ್ಯವಾದ ಆರ್ಪ್2/3 ಎಂಬ ಏಳು ಪ್ರೋಟೀನುಗಳ ಕೂಟವನ್ನು 1994ರಲ್ಲಿ ಲಾರಾ ಮ್ಯಾಚೆಸ್ಕಿ, ಥಾಮಸ್ ಪೊಲಾರ್ಡ್ ಮತ್ತು ಸಂಗಡಿಗರು ಮಣ್ಣಿನ ಅಮೀಬಾ ಒಂದರಲ್ಲಿ ಕಂಡುಹಿಡಿದರು. ಅದು ಇರುವ ಎಳೆಯ ಪಕ್ಕಕ್ಕೆ ಅಂಟಿ, ಅಲ್ಲಿಂದ ಸುಮಾರು 70 ಡಿಗ್ರಿ ಕೋನದಲ್ಲಿ ಹೊಸ ಕವಲು ಹೊರಡಿಸುತ್ತದೆ. ಕವಲಿಗೆ ಕವಲು ಸೇರಿ ಮುಂಅಂಚಿನಲ್ಲಿ ದಟ್ಟ ಜಾಲವಾಗುತ್ತದೆ. ಅಲ್ಲೇ ಇನ್ನೊಂದು ಪ್ರೋಟೀನು ಬಂದು ತುದಿಗಳಿಗೆ ಮುಚ್ಚಳ ಹಾಕಿ ಬೆಳವಣಿಗೆ ನಿಲ್ಲಿಸುತ್ತದೆ. ಉದ್ದನೆಯ ಎಳೆ ಒತ್ತಿದರೆ ಬಾಗುತ್ತದೆ, ಗಿಡ್ಡ ಎಳೆ ಬಾಗದೆ ನೂಕುತ್ತದೆ. ಆದ್ದರಿಂದ ಎಳೆಗಳನ್ನು ಗಿಡ್ಡವಾಗಿಡುವುದು ಲಾಭ.

ಮೀನಿನ ಹುರುಪೆಯೊಂದನ್ನು ಗಾಜಿನ ಮೇಲಿಟ್ಟರೆ ಕೆರಟೊಸೈಟ್ ಎಂಬ ಚರ್ಮದ ಕೋಶಗಳು ಅದರಿಂದ ಇಳಿದು ಗಾಜಿನ ಮೇಲೆ ಓಡಾಡತೊಡಗುತ್ತವೆ, ನಿಮಿಷಕ್ಕೆ ಹತ್ತು ಮೈಕ್ರೋಮೀಟರಿಗೂ ಹೆಚ್ಚು ವೇಗದಲ್ಲಿ. 1991ರಲ್ಲಿ ಜೂಲಿ ಥೇರಿಯೊ ಮತ್ತು ಟಿಮೊಥಿ ಮಿಚಿಸನ್ ಇಂಥ ಕೋಶದ ಮುಂಅಂಚಿನ ಆಕ್ಟಿನ್ನಿನಲ್ಲಿ ಬೆಳಕಿನ ಒಂದು ಗೆರೆ ಮೂಡಿಸಿ ನೋಡಿದರು. ಕೋಶ ಮುಂದೆ ಸಾಗಿತು. ಗುರುತು ಹಾಕಿದ ಎಳೆಗಳು ಗಾಜಿನ ಮೇಲೆ ಇದ್ದಲ್ಲೇ ಇದ್ದವು. ಕೋಶ ಅವುಗಳ ಮೇಲೆ ಹಾದುಹೋಯಿತು, ಮುಂದೆ ಹೊಸ ಎಳೆ ಕಟ್ಟಿಕೊಂಡು, ಹಿಂದಿನದನ್ನು ಬಿಚ್ಚಿಕೊಂಡು. ಒಂದು ಎಳೆಯ ಸರಾಸರಿ ಬದುಕು ಒಂದು ನಿಮಿಷವೂ ಇಲ್ಲ. ಅಷ್ಟಾದರೂ ಕೋಶದ ಅರ್ಧಚಂದ್ರದ ಆಕಾರ ಕದಲುವುದಿಲ್ಲ.

ನಾನು ಹೇಳಬೇಕೆಂದಿರುವ ಮುಖ್ಯ ಮಾತು ಇಲ್ಲಿದೆ. ಜೀವಕೋಶ ನಡೆಯುವುದಕ್ಕೂ ರೂಪ ಪಡೆಯುವುದಕ್ಕೂ ಎಳೆ ಕಟ್ಟುವುದು ಎಷ್ಟು ಮುಖ್ಯವೋ, ಕಳಚುವುದೂ ಅಷ್ಟೇ ಮುಖ್ಯ. ನಮ್ಮ ಪಠ್ಯಪುಸ್ತಕಗಳು ಕಟ್ಟುವುದನ್ನು ಚಿತ್ರ ಬರೆದು ತೋರಿಸುತ್ತವೆ, ಕಳಚುವುದಕ್ಕೆ ಒಂದು ಸಾಲು ಕೊಡುತ್ತವೆ. ಇದು ಸರಿಯಲ್ಲ. ಎರಡು ವಿಷಗಳ ಉದಾಹರಣೆ ಕೊಡುತ್ತೇನೆ. ಕೆಂಪು ಸಮುದ್ರದ ಒಂದು ಸ್ಪಂಜಿನಲ್ಲಿ ಲ್ಯಾಟ್ರಂಕ್ಯುಲಿನ್ ಎಂಬ ವಿಷವಿದೆ. ಅದು ಬಿಡಿ ಅಣುಗಳನ್ನು ಹಿಡಿದಿಟ್ಟು ಎಳೆ ಕಟ್ಟಲು ಬಿಡುವುದಿಲ್ಲ. ಕೋಶ ಮುದುಡಿ ನಿಂತುಬಿಡುತ್ತದೆ. ಇದು ಯಾರೂ ಊಹಿಸಬಹುದಾದ್ದು. ಯುರೋಪಿನ ‘ಡೆತ್ ಕ್ಯಾಪ್’ ಎಂಬ ಅಣಬೆಯಲ್ಲಿ ಫ್ಯಾಲಾಯ್ಡಿನ್ ಎಂಬ ಇನ್ನೊಂದು ವಿಷವಿದೆ. (ಆ ಅಣಬೆ ತಿಂದವರು ಸಾಯುವುದಕ್ಕೆ ಮುಖ್ಯ ಕಾರಣ ಅದರಲ್ಲಿರುವ ಬೇರೆ ವಿಷ.) ಫ್ಯಾಲಾಯ್ಡಿನ್ ಎಳೆಯನ್ನು ಮುರಿಯುವುದೇ ಇಲ್ಲ. ಅದಕ್ಕೆ ಅಂಟಿಕೊಂಡು ಇನ್ನಷ್ಟು ಗಟ್ಟಿ ಮಾಡುತ್ತದೆ, ಕಳಚದಂತೆ ಕಾಪಾಡುತ್ತದೆ. ಅದನ್ನು ಕೋಶದೊಳಕ್ಕೆ ಚುಚ್ಚಿದರೂ ಕೋಶದ ನಡೆ ನಿಲ್ಲುತ್ತದೆ. ಎಳೆಗಳಿಗೆ ಬರವಿಲ್ಲ, ಆದರೆ ಹೊಸದಾಗಿ ಕಟ್ಟಲು ಬಿಡಿ ಅಣು ಉಳಿದಿಲ್ಲ.

ಎಳೆ ಬೆಳೆಸಿ ಬಲ ಪಡೆಯುವ ಈ ಗುಟ್ಟನ್ನು ಬ್ಯಾಕ್ಟೀರಿಯಾಗಳು ನಮಗಿಂತ ಬಹಳ ಮೊದಲೇ ಬಳಸಿಕೊಂಡಿವೆ. ಕಲುಷಿತ ಆಹಾರದಿಂದ ಬರುವ, ಬಸುರಿಯರಿಗೆ ವಿಶೇಷವಾಗಿ ಅಪಾಯಕಾರಿಯಾದ ಲಿಸ್ಟೀರಿಯಾ ನಮ್ಮ ಕೋಶದೊಳಗೆ ಹೊಕ್ಕ ಮೇಲೆ ಏನು ಮಾಡುತ್ತದೆ ಎಂಬುದನ್ನು 1989ರಲ್ಲಿ ಲೂಯಿಸ್ ಟಿಲ್ನಿ ಮತ್ತು ಡೇನಿಯಲ್ ಪೋರ್ಟ್‌ನಾಯ್ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಕಂಡರು. ಬ್ಯಾಕ್ಟೀರಿಯಾದ ಹಿಂದೆ ಆಕ್ಟಿನ್ ಎಳೆಗಳ ಉದ್ದ ಬಾಲ. ಅದರ ಮೈಮೇಲಿನ ಆಕ್ಟ್‌ಎ ಎಂಬ ಒಂದೇ ಪ್ರೋಟೀನು ನಮ್ಮ ಕೋಶದ ಆರ್ಪ್2/3ಅನ್ನು ಕೆಲಸಕ್ಕೆ ಹಚ್ಚುತ್ತದೆ. ಹಿಂದೆ ಎಳೆಗಳು ಕಟ್ಟಿಕೊಂಡಂತೆ ಬ್ಯಾಕ್ಟೀರಿಯಾ ಮುಂದಕ್ಕೆ ನೂಕಲ್ಪಟ್ಟು, ಕೋಶದ ಪೊರೆಯನ್ನು ಹೊರಕ್ಕೆ ಉಬ್ಬಿಸಿ, ಪಕ್ಕದ ಕೋಶದೊಳಕ್ಕೆ ದಾಟುತ್ತದೆ. ರಕ್ತದಲ್ಲಿ ಕಾದು ಕುಳಿತ ಪ್ರತಿಕಾಯಗಳಿಗೆ ಅದು ಮುಖ ತೋರಿಸುವುದೇ ಇಲ್ಲ. 1999ರಲ್ಲಿ ಫ್ರಾನ್ಸಿನ ಮರಿ-ಫ್ರಾನ್ಸ್ ಕಾರ್ಲಿಯೆ ಅವರ ತಂಡ ಈ ಚಲನೆಯನ್ನು ಕೋಶವೇ ಇಲ್ಲದೆ, ಶುದ್ಧೀಕರಿಸಿದ ಕೆಲವೇ ಪ್ರೋಟೀನುಗಳಿಂದ ಮಾಡಿ ತೋರಿಸಿತು. ಆಕ್ಟಿನ್, ಆರ್ಪ್2/3 ಇದ್ದರೆ ಸಾಲದಾಯಿತು. ಮುಚ್ಚಳ ಹಾಕುವ ಪ್ರೋಟೀನು ಮತ್ತು ಕಳಚುವ ಕೋಫಿಲಿನ್ ಕೂಡ ಬೇಕೇ ಬೇಕಾಯಿತು. ಮಯೋಸಿನ್ ಮಾತ್ರ ಬೇಕಾಗಲಿಲ್ಲ.

ಬೆಂಗಳೂರಿನಲ್ಲೂ ಈ ವಿಷಯದಲ್ಲಿ ಜಗತ್ತು ಗಮನಿಸಿದ ಕೆಲಸ ನಡೆದಿದೆ. ಜಿಕೆವಿಕೆ ಆವರಣದಲ್ಲಿರುವ ರಾಷ್ಟ್ರೀಯ ಜೈವಿಕ ವಿಜ್ಞಾನಗಳ ಕೇಂದ್ರದಲ್ಲಿ ಈ ಕೆಲಸ ನಡೆಸಿದ ಸತ್ಯಜಿತ್ ಮೇಯರ್ ಜೀವಶಾಸ್ತ್ರಜ್ಞರು, ಅವರೊಡನೆ ದುಡಿದ ಮದನ್ ರಾವ್ ಭೌತವಿಜ್ಞಾನಿ. ಕೋಶದ ಹೊರಪೊರೆಯಲ್ಲಿ ತೇಲುವ ಕೆಲವು ಪ್ರೋಟೀನುಗಳು ಕೆಲವೇ ಅಣುಗಳ ಪುಟ್ಟ ಗುಂಪುಗಳಾಗಿ ಕೂಡುತ್ತವೆ, ಮತ್ತೆ ಚದುರುತ್ತವೆ. ಪೊರೆಯ ಕೊಬ್ಬಿನ ಗುಣದಿಂದಲೇ ಹೀಗಾಗುತ್ತದೆ ಎಂಬ ನಂಬಿಕೆ ಬಲವಾಗಿತ್ತು. 2008 ಮತ್ತು 2012ರಲ್ಲಿ ಪ್ರಕಟವಾದ ಇವರ ಬರಹಗಳು ಬೇರೆಯದನ್ನೇ ತೋರಿಸಿದವು: ಪೊರೆಯ ಅಡಿಯಲ್ಲಿ ಗಿಡ್ಡ ಆಕ್ಟಿನ್ ಎಳೆಗಳು ಮಯೋಸಿನ್ ಬಲದಿಂದ ಒಂದೆಡೆ ಕೂಡಿ ಚದುರುತ್ತಿರುತ್ತವೆ, ಮೇಲಿನ ಪ್ರೋಟೀನುಗಳನ್ನೂ ಹಾಗೆಯೇ ಕೂಡಿಸಿ ಚದುರಿಸುತ್ತವೆ. ಜೀವಶಾಸ್ತ್ರದ ಪ್ರಯೋಗವನ್ನೂ ಭೌತಶಾಸ್ತ್ರದ ಸಮೀಕರಣವನ್ನೂ ಒಂದೇ ಮೇಜಿನ ಮೇಲಿಟ್ಟುಕೊಂಡಿದ್ದರಿಂದ ಸಾಧ್ಯವಾದ ಕೆಲಸ ಇದು. ಗಣಿತವನ್ನೂ ಜೀವಶಾಸ್ತ್ರವನ್ನೂ ಬೇರೆ ಬೇರೆಯಾಗಿ ಕಲಿಸುವ ನಮ್ಮ ಪದ್ಧತಿಯನ್ನು ಇಂಥ ಉದಾಹರಣೆ ಮುಂದಿಟ್ಟುಕೊಂಡು ಮರುಚಿಂತಿಸಬೇಕು.

ದೇಹದ ಉಳಿದೆಡೆ ಆಕ್ಟಿನ್ ಮಾಡುವ ಕೆಲಸಗಳಿಗೆ ಲೆಕ್ಕವಿಲ್ಲ. ಒಂದು ಕೋಶ ಎರಡಾಗುವಾಗ ನಡುವನ್ನು ಬಿಗಿದು ಕತ್ತರಿಸುವ ಉಂಗುರ ಆಕ್ಟಿನ್ನಿನದು. ಒಳಕಿವಿಯಲ್ಲಿ ಶಬ್ದದ ತುಯ್ತಕ್ಕೆ ಓಲಾಡುವ ಸೂಕ್ಷ್ಮ ರೋಮಗಳ ತಿರುಳೂ ಅದೇ. ಅದರ ಒಂದು ವಂಶವಾಹಿಯಲ್ಲಿ ದೋಷವಿದ್ದರೆ ಯೌವನದಲ್ಲೇ ಕಿವುಡು ಶುರುವಾಗುತ್ತದೆ. ಕೆಂಪು ರಕ್ತಕಣ ತನಗಿಂತ ಕಿರಿದಾದ ರಕ್ತನಾಳದಲ್ಲಿ ನುಸುಳಿ ಮತ್ತೆ ಮೊದಲಿನ ಆಕಾರಕ್ಕೆ ಬರುವುದರಲ್ಲೂ, ಸುಮಾರು 120 ದಿನ ಹಾಗೆ ಬಾಳುವುದರಲ್ಲೂ, ಪೊರೆಯಡಿಯ ಪುಟ್ಟ ಆಕ್ಟಿನ್ ತುಣುಕುಗಳ ಪಾಲಿದೆ.

ಕೊನೆಗೆ ಒಂದು ಕಾಯಿಲೆಯ ಮಾತು. 1937ರಲ್ಲಿ ಮ್ಯೂನಿಕ್‌ನ ಮಕ್ಕಳ ವೈದ್ಯ ಆಲ್ಫ್ರೆಡ್ ವಿಸ್ಕಾಟ್ ಒಂದೇ ಮನೆಯ ಮೂವರು ಅಣ್ಣತಮ್ಮಂದಿರ ಬಗ್ಗೆ ಬರೆದರು. ಮೂವರಿಗೂ ರಕ್ತಸ್ರಾವ, ಚರ್ಮದ ಮೇಲೆ ಇಸುಬು, ಮತ್ತೆ ಮತ್ತೆ ಕಿವಿಯ ಸೋಂಕು. ಮೂವರೂ ಎಳೆತನದಲ್ಲೇ ತೀರಿಕೊಂಡರು. ಅಕ್ಕತಂಗಿಯರಿಗೆ ಏನೂ ಆಗಿರಲಿಲ್ಲ. 1954ರಲ್ಲಿ ಅಮೆರಿಕದ ರಾಬರ್ಟ್ ಆಲ್ಡ್ರಿಚ್ ಇದು ತಾಯಿಯ ಎಕ್ಸ್ ವರ್ಣತಂತುವಿನ ಮೂಲಕ ಗಂಡುಮಕ್ಕಳಿಗೆ ಬರುವ ಕಾಯಿಲೆ ಎಂದು ತೋರಿಸಿದರು. 1994ರಲ್ಲಿ ವಂಶವಾಹಿ ಸಿಕ್ಕಿತು. ಅದು ತಯಾರಿಸುವ ಪ್ರೋಟೀನಿನ ಕೆಲಸ ಏನೆಂದು ಗೊತ್ತಾದದ್ದು ಆ ದಶಕದ ಕೊನೆಗೆ: ರಕ್ತದ ಕೋಶಗಳಲ್ಲಿ ಆರ್ಪ್2/3ಅನ್ನು ಎಬ್ಬಿಸುವುದು. ಅದಿಲ್ಲದ ಮಗುವಿನ ಬಿಳಿ ರಕ್ತಕಣಗಳು ಸೋಂಕಿನ ಜಾಗಕ್ಕೆ ಸರಿಯಾಗಿ ಹೋಗಲಾರವು, ಪ್ಲೇಟ್‌ಲೆಟ್‌ಗಳು ಕುಗ್ಗಿ ಸಂಖ್ಯೆಯಲ್ಲೂ ಕಡಿಮೆಯಾಗುತ್ತವೆ. ಮಣ್ಣಿನ ಅಮೀಬಾದ ಮೇಲೆ ಮಾಡಿದ ಕೆಲಸವೂ ಮೂವರು ಮಕ್ಕಳ ಸಾವಿನ ಕಾರಣವೂ ಹೀಗೆ ಒಂದೇ ಅಣುವಿನ ಹತ್ತಿರ ಬಂದು ಕೂಡಿದವು.

ಗಂಡುಮಗುವಿಗೆ ಸುಮ್ಮಸುಮ್ಮನೆ ಮೈಮೇಲೆ ರಕ್ತದ ಚುಕ್ಕಿಗಳೆದ್ದು, ಇಸುಬಾಗಿ, ಪದೇ ಪದೇ ಸೋಂಕು ಬಂದು, ರಕ್ತಪರೀಕ್ಷೆಯಲ್ಲಿ ಪ್ಲೇಟ್‌ಲೆಟ್‌ಗಳ ಸಂಖ್ಯೆಯೂ ಗಾತ್ರವೂ ಕಡಿಮೆ ಎಂದು ಬಂದರೆ ದಯವಿಟ್ಟು ಈ ವಿಸ್ಕಾಟ್-ಆಲ್ಡ್ರಿಚ್ ಕಾಯಿಲೆಯ ಪರೀಕ್ಷೆ ಮಾಡಿಸಿ. 1968ರಿಂದಲೂ ಇದಕ್ಕೆ ಅಸ್ಥಿಮಜ್ಜೆಯ ಕಸಿ ಮಾಡಲಾಗುತ್ತಿದೆ. ಬೇಗ ಮಾಡಿದಷ್ಟೂ ಮಗು ಉಳಿಯುವ ಸಂಭವ ಹೆಚ್ಚು. ಒಡಹುಟ್ಟಿದವರ ಮಜ್ಜೆ ಹೊಂದುವುದು ನಾಲ್ವರಲ್ಲಿ ಒಬ್ಬರಿಗೆ ಮಾತ್ರ. ಉಳಿದವರಲ್ಲಿ ಅನೇಕರು ಹೊರಗಿನ ದಾನಿಗಳನ್ನು ನಂಬಿ ಕಾಯಬೇಕು. ದಾನಿಯಾಗಿ ಹೆಸರು ಬರೆಸಲು ಕೆನ್ನೆಯ ಒಳಭಾಗವನ್ನು ಹತ್ತಿಕಡ್ಡಿಯಿಂದ ಸವರಿ ಕೊಟ್ಟರೆ ಸಾಕು, ಬೆಂಗಳೂರಿನಲ್ಲೇ ಅದಕ್ಕೆ ನೋಂದಣಿ ಸಂಸ್ಥೆ ಇದೆ. ಈ ಸಭೆಯಲ್ಲಿರುವ ವಿದ್ಯಾರ್ಥಿಗಳಲ್ಲಿ 18 ತುಂಬಿದ ಎಲ್ಲರೂ ಈ ತಿಂಗಳೊಳಗೆ ಹೆಸರು ಬರೆಸಿ ಎಂದು ಕೇಳಿಕೊಳ್ಳುತ್ತೇನೆ.